ಅಗಸಿಯೊಳಗಿನ ಅಡುಗೆಮನೆ

ರಾವೂರು ದಾಟಿ ಚಿತ್ತಾಪುರದ ಕಡೆ ಎರಡು ಮೈಲಿ ಹೋದರೆ ಎಡಕ್ಕೆ ಒಂದು ದೊಡ್ಡ ಅಗಸಿ ಸಿಗುತ್ತದೆ. ಒಂದು ಕಾಲಕ್ಕೆ ಅದು ದೇಶಮುಖರ ತೋಟದ ಬಾಗಿಲು. ತೋಟ ಈಗ ಇಲ್ಲ. ಬಂಗಲೆ ಬಿದ್ದು ಮೂವತ್ತು ವರ್ಷವಾಯಿತು. ದೇಶಮುಖರ ಮೊಮ್ಮಕ್ಕಳು ಭೂಮಿ ಮಾರಿದರು, ಕೊಂಡವರು ಫರಸಿ ಕಲ್ಲಿನ ಖಣಿ ತೆಗೆದರು. ಹೀಗಾಗಿ ಅಗಸಿಯ ಈಚೆ ಡಾಂಬರು ರಸ್ತೆ, ಆಚೆ ನೂರು ಹೆಜ್ಜೆಗೆ ನೀರು ನಿಂತ ಖಣಿ. ನಡುವೆ ಅಗಸಿ ಮಾತ್ರ ಹಾಗೇ ನಿಂತಿತ್ತು. ಅದು ನಿಂತ ತುಂಡು ಜಾಗ ಕಾಗದದಲ್ಲಿ ಸರಕಾರದ್ದು; ವಾಸ ಮಾತ್ರ ಭಗವಂತನದು.

ಭಗವಂತನ ಅಪ್ಪ ಈ ಅಗಸಿ ಕಾದವನು, ಭಗವಂತನೂ ಕಾದವನು. ಕಾಯುವವರು ಅಗಸಿಯೊಳಗೇ ಇರಬೇಕು, ಆದರೆ ಅಂಗಳ ದಾಟಿ ಬಂಗಲೆಯ ಕಡೆ ಹೆಜ್ಜೆ ಇಡಬಾರದು ಎಂಬುದು ಆಗಿನ ರಿವಾಜು. ಮದುವೆಯಾಗಿ ಬಂದ ಲಾಲಮ್ಮ ಬಂಗಲೆಯ ಪಡಸಾಲೆಯನ್ನು ಮೊದಲ ಸಲ ನೋಡಿದ್ದು ಅದರ ಮಾಳಿಗೆ ಕುಸಿದ ಮೇಲೆ.

ಮಗ ಸುರೇಶಕುಮಾರನಿಗೆ ಈ ಕತೆ ಕೇಳಿದಾಗಲೆಲ್ಲ ಸಿಟ್ಟು ಬರುತ್ತಿತ್ತು. ಅವನು ಶಹಾಬಾದಿನಲ್ಲಿ ಫರಸಿ ಪಾಲಿಶ್ ಮಾಡುವ ಕಾರಖಾನೆಯಲ್ಲಿ ಮಷೀನು ನಡೆಸುತ್ತಿದ್ದ. ಹೆಂಡತಿ ಸುಮಂಗಲಾ ಊರ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದಳು. ಒಬ್ಬಳೇ ಮಗಳು ಲುಂಬಿನಿ, ಕಲಬುರಗಿಯಲ್ಲಿ ಸಿವಿಲ್ ಡಿಪ್ಲೊಮಾದ ಕೊನೆಯ ವರ್ಷ. ದಿನಾ ವಾಡಿಯಿಂದ ರೈಲು ಹಿಡಿದು ಹೋಗಿ ಬರುತ್ತಿದ್ದಳು.

ಆ ವರ್ಷ ಡಿಸೆಂಬರದಲ್ಲಿ ಕಾಲೇಜಿನ ರಾಜೇಶ್ವರಿ ಮೇಡಂ, ಒಂದು ಹಳೇ ಕಟ್ಟಡ ಹುಡುಕಿ ಅದರ ಅಳತೆ ತೆಗೆದು ನಕ್ಷೆ ಬರೆದು ತರಬೇಕೆಂದು ಹುಡುಗರಿಗೆ ಹೇಳಿದರು. ಕೆಲವರು ಕಲಬುರಗಿ ಕೋಟೆಗೆ ಹೋದರು, ಕೆಲವರು ಮೊಬೈಲಿನಲ್ಲಿ ಸಿಕ್ಕದ್ದನ್ನು ಇಳಿಸಿಕೊಂಡರು. ಲುಂಬಿನಿ ರವಿವಾರ ಬೆಳಿಗ್ಗೆ ಟೇಪು ಹಿಡಿದು ಮನೆಯ ಮುಂದೆಯೇ ನಿಂತಳು.

"ಏನ್ ಮಾಡಾಕತ್ತಿ?" ಎಂದು ಭಗವಂತ ಕೇಳಿದ.

"ನಮ್ಮನಿ ಅಳತಿ ತಗೊಳ್ಳಾಕತ್ತೀನಿ ಮುತ್ಯಾ. ಈ ತುದಿ ಹಿಡಿ."

ಎಪ್ಪತ್ತಾರು ವರ್ಷದ ಮುದುಕ ಟೇಪಿನ ತುದಿ ಹಿಡಿದುಕೊಂಡು ಹುಡುಗನ ಹಾಗೆ ಓಡಾಡಿದ. ಇಷ್ಟು ವರ್ಷದಲ್ಲಿ ಈ ಅಗಸಿಯ ಬಗ್ಗೆ ಯಾರೂ ಅವನನ್ನು ಏನೂ ಕೇಳಿರಲಿಲ್ಲ. ಈಗ ಮೊಮ್ಮಗಳು ಕೇಳುತ್ತಿದ್ದಳು, ಕೇಳಿದ್ದನ್ನು ಬರೆದುಕೊಳ್ಳುತ್ತಿದ್ದಳು. ಗೋಡೆಯ ದಪ್ಪದೊಳಗೇ ಅಡಗಿದ, ಮೇಲೆ ಹತ್ತುವ ಪಾವಟಿಗೆಗಳನ್ನು ಅವನು ಎಣಿಸಿ ಹೇಳಿದ. ಮೇಲಿನ ನಗಾರಖಾನೆಯಲ್ಲಿ ನಗಾರಿ ಇಡುತ್ತಿದ್ದ ಕಟ್ಟೆ ತೋರಿಸಿದ. ಎಡಗಡೆ ಖೋಲಿಯ ಸಣ್ಣ ಕಿಂಡಿಯ ಮುಂದೆ ಅವಳನ್ನು ಕೂಡ್ರಿಸಿ, "ನೋಡು, ಇಲ್ಲಿಂದ ರಸ್ತಾದಾಗ ಬರೋರು ಕಾಣತಾರ. ಹೊರಗಿಂದ ನೀ ಕಾಣಂಗಿಲ್ಲ. ಕಲ್ಲ ಹ್ಯಾಂಗ ಓರೆ ಕಡದಾರ ನೋಡು" ಎಂದ.

"ಈ ಮಾಳಿಗಿಗೆ ಕಟ್ಟಿಗಿ ತೊಲಿನೇ ಇಲ್ಲಲ್ಲ ಮುತ್ಯಾ?"

"ಯಾಕ ಬೇಕು? ಒಂಬತ್ತ ಫೂಟಿನ ಫರಸಿ, ಆ ಗ್ವಾಡಿಯಿಂದ ಈ ಗ್ವಾಡಿಗೆ. ಹದಿಮೂರ ಫರಸಿ ಅವ. ಇಂಥವು ಈಗ ಸಿಗಂಗಿಲ್ಲ."

ಬಲಗಡೆಯ ಖೋಲಿ ಅವರ ಅಡುಗೆಮನೆ. ಅಲ್ಲಿ ಲಾಲಮ್ಮ ರೊಟ್ಟಿ ಬಡಿಯುತ್ತಿದ್ದಳು.

"ಆಯಿ, ಸ್ವಲ್ಪ ಪರಾತ ಸರಸು. ಒಲಿ ಕಟ್ಟಿ ಎಷ್ಟದ ನೋಡ್ತೀನಿ."

"ಒಲಿ ಕಟ್ಟಿ ಅಳದು ಯಾರಿಗೆ ತೋರಸ್ತಿ? ಸರಿ ಆಚಿ, ಹಿಟ್ಟಿನ್ಯಾಗ ಧೂಳ ಬೀಳತದ."

ಲುಂಬಿನಿ ರಸ್ತೆಯ ಕಡೆಯ ಗೋಡೆಯನ್ನು ತಟ್ಟಿ ನೋಡಿದಳು. ಉಳಿದ ಗೋಡೆಗಳ ಹಾಗೆ ಅದು ಗಚ್ಚಿನದಲ್ಲ, ಫರಸಿ ಚೂರು ಮತ್ತು ಮಣ್ಣಿನದು.

"ಇದು ಯಾವಾಗಿಂದು ಮುತ್ಯಾ?"

"ಅದು ನಾ ಕಟ್ಟಿದ್ದು. ನಿಮ್ಮಪ್ಪ ಹುಟ್ಟಿದ ವರ್ಷ. ಮೊದಲ ಇಲ್ಲಿ ಗ್ವಾಡಿ ಇರಲಿಲ್ಲ, ಬರೇ ಕಮಾನು. ಹೊರಗಿನ ಗಾಳಿ, ನಾಯಿ, ಎಲ್ಲಾ ಒಳಗ. ಬಾಣಂತಿ ಹ್ಯಾಂಗ ಇರಬೇಕು? ಊರ ಖಣಿಯಿಂದ ತಲಿ ಮ್ಯಾಲ ಕಲ್ಲ ಹೊತ್ತು ಎಂಟು ದಿನದಾಗ ಎಬ್ಬಿಸಿದೆ."

ನಕ್ಷೆ ಬರೆಯುವುದಕ್ಕೆ ಮೇಡಂ ನಿಯಮ ಕೊಟ್ಟಿದ್ದರು. ಮೂಲ ಕಟ್ಟಡ ಕಪ್ಪು ಶಾಯಿಯಲ್ಲಿ, ಆಮೇಲೆ ಸೇರಿಸಿದ್ದು ಕೆಂಪಿನಲ್ಲಿ. ಕೊನೆಗೆ 'ಸಲಹೆ' ಎಂದು ಒಂದು ಕಲಂ. ಲುಂಬಿನಿ ಅಡುಗೆಮನೆಯ ಗೋಡೆ, ಒಲೆಯ ಕಟ್ಟೆ, ಹಿಂದಿನ ತಗಡಿನ ಬಚ್ಚಲು ಎಲ್ಲವನ್ನೂ ಕೆಂಪಿನಲ್ಲಿ ಬರೆದಳು. ಸಲಹೆಯ ಕಲಂನಲ್ಲಿ ಏನು ಬರೆಯಬೇಕೆಂದು ತೋಚದೆ ಪಠ್ಯಪುಸ್ತಕ ತಿರುವಿದಳು. ಆಮೇಲೆ ಪುಸ್ತಕದ ಭಾಷೆಯಲ್ಲಿ, 'ಇತ್ತೀಚಿನ ಈ ಸೇರ್ಪಡೆಗಳನ್ನು ತೆರವುಗೊಳಿಸಿದಲ್ಲಿ ಕಮಾನಿನ ಮೂಲರೂಪ ಕಾಣಸಿಗುತ್ತದೆ' ಎಂದು ಬರೆದಳು. ಬರೆದದ್ದು ಚೆನ್ನಾಗಿದೆ ಎನ್ನಿಸಿತು.

ಊಟಕ್ಕೆ ಕೂತಾಗ ಸುರೇಶಕುಮಾರ ನಕ್ಷೆಯನ್ನು ಒಂದು ಸಲ ನೋಡಿ ಮಡಚಿಟ್ಟ.

"ಕಲಬುರಗಿ ತನಾ ಓದಾಕ ಹೋಗಿ ಇದೇ ದರವಾಜಿ ಬರಕೊಂಡು ಬಂದಿ?"

"ಛಂದ ಬರದಾಳಲ್ಲ" ಎಂದ ಭಗವಂತ.

"ನಿಂಗ ಛಂದ ಕಾಣತದ. ನಾ ಸಣ್ಣಾಂವ ಇದ್ದಾಗ ದೇಶಮುಖರ ಜೀಪ್ ಬಂದ್ರ ನೀ ಊಟ ಬಿಟ್ಟು ಓಡತಿದ್ದಿ. ದರವಾಜಿ ತಗದು ಗ್ವಾಡಿಗೆ ಅಂಟಿ ನಿಂದ್ರತಿದ್ದಿ, ನಿನ್ನ ನೆರಳ ಜೀಪಿನ ಮ್ಯಾಲ ಬೀಳಬಾರದಂತ. ಅದನ್ನ ಯಾವ ಬಣ್ಣದಾಗ ಬರಿತಾಳಂತ ಕೇಳು."

"ಉಣ್ರಿ, ಬ್ಯಾಳಿ ಆರತದ" ಎಂದು ಸುಮಂಗಲಾ ಮಾತು ತುಂಡು ಮಾಡಿದಳು.

ಜನವರಿಯಲ್ಲಿ ಕಾಲೇಜಿನಲ್ಲಿ ನಕ್ಷೆಗಳ ಪ್ರದರ್ಶನವಾಯಿತು. ಹಳೇ ಕಟ್ಟಡಗಳ ಸಂರಕ್ಷಣೆ ನೋಡುವ ಕಚೇರಿಯೊಂದರಿಂದ ದೇವೀಂದ್ರಪ್ಪ ಎಂಬ ಅಧಿಕಾರಿ ಬಂದಿದ್ದರು. ಲುಂಬಿನಿಯ ನಕ್ಷೆಯ ಮುಂದೆ ನಿಂತವರು ಬಹಳ ಹೊತ್ತು ಕದಲಲಿಲ್ಲ. ಮುಂದಿನ ವಾರವೇ ಜೀಪಿನಲ್ಲಿ ಬಂದು ಅಗಸಿಯ ಮುಂದೆ ಇಳಿದರು.

ಅಂದು ಭಗವಂತ ಬಿಳಿ ಧೋತರ ಉಟ್ಟಿದ್ದ. ಲಾಲಮ್ಮ ಚುರುಮುರಿ ಸುಸಲಾ ಮಾಡಿ ಚಹಾ ಇಟ್ಟಳು. ದೇವೀಂದ್ರಪ್ಪ ಒಳ್ಳೆಯ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟು ಬಂದು ಚಾಪೆಯ ಮೇಲೆ ಕೂತರು. ಮುದುಕ ಹೇಳಿದ್ದನ್ನೆಲ್ಲ ಕೇಳಿದರು. ಓರೆ ಕಿಂಡಿಯಲ್ಲಿ ಕಣ್ಣಿಟ್ಟು ನೋಡಿ, "ಏನ್ ಅಕ್ಕಲ್ ಇತ್ರೀ ಅವ್ರಿಗೆ!" ಎಂದರು. ಹೋಗುವಾಗ, "ಮುತ್ಯಾ, ಇಂಥ ಅಗಸಿ ಈ ಕಡೆ ಎಲ್ಲೂ ಉಳದಿಲ್ಲ. ಇದನ್ನ ಉಳಸಬೇಕು" ಎಂದು ಕೈ ಹಿಡಿದರು.

"ಉಳಸ್ರಿ ಸಾಹೇಬ್ರ. ಮಳಿ ಬಂದ್ರ ಮ್ಯಾಲಿಂದ ಸೋರತದ. ನನ್ನ ಕೈಲೆ ಹತ್ತಾಕ ಆಗವಲ್ದು" ಎಂದ ಭಗವಂತ. ಆ ವಾರವೆಲ್ಲ ಅವನು ದಾರಿಯಲ್ಲಿ ಸಿಕ್ಕವರಿಗೆಲ್ಲ ಸಾಹೇಬರು ಬಂದದ್ದನ್ನೇ ಹೇಳಿದ.

ಮಾರ್ಚ್ ಎರಡನೇ ವಾರ ನೋಟೀಸು ಬಂತು. ಪಂಚಾಯಿತಿಯ ಜವಾನ ಪೀರಪ್ಪ ಅದನ್ನು ಸುಮಂಗಲಾಳ ಕೈಗೆ ಕೊಟ್ಟು ಸಹಿ ಮಾಡಿಸಿಕೊಂಡು ಹೋದ. ಸಂಜೆ ಎಲ್ಲರೂ ಮನೆ ಸೇರಿ ಊಟಕ್ಕೆ ಕೂತಾಗ ಲುಂಬಿನಿ ಓದಿದಳು. ಅಗಸಿಯನ್ನು ಸಂರಕ್ಷಿತ ಕಟ್ಟಡವೆಂದು ಘೋಷಿಸಲಾಗಿದೆ. ಒಳಗಿನ ವಾಸ ಅನಧಿಕೃತ. ಅರವತ್ತು ದಿನದಲ್ಲಿ ಬಿಡಬೇಕು. ಊರಾಚೆಯ ಹೊಸ ಕಾಲೊನಿಯಲ್ಲಿ ಕಟ್ಟಿಸಿದ ಒಂದು ಮನೆ ಕೊಡಲಾಗುವುದು. ಕೊನೆಯ ಸಾಲಿಗೆ ಬಂದಾಗ ಅವಳ ದನಿ ನಿಂತಿತು.

"ಮುಂದ ಓದು" ಎಂದ ಸುರೇಶಕುಮಾರ.

ಅವಳು ಕಾಗದ ಮಡಚತೊಡಗಿದಳು. ಅವನೇ ಕಾಗದ ಕಸಿದುಕೊಂಡು ಗಟ್ಟಿಯಾಗಿ ಓದಿದ: "ಲಗತ್ತಿಸಿದ ನಕ್ಷೆಯಲ್ಲಿ ತೋರಿಸಿದಂತೆ, ಇತ್ತೀಚಿನ ಈ ಸೇರ್ಪಡೆಗಳನ್ನು ತೆರವುಗೊಳಿಸಿದಲ್ಲಿ ಕಮಾನಿನ ಮೂಲರೂಪ ಕಾಣಸಿಗುತ್ತದೆ." ನಕ್ಷೆಯನ್ನು ಬಿಡಿಸಿದ. ಕೆಳಗೆ ಮಗಳ ಹೆಸರು, ರೋಲ್ ನಂಬರು ಇದ್ದವು.

ಲಾಲಮ್ಮನಿಗೆ ಅರ್ಥವಾಗಲಿಲ್ಲ. "ಏನಂತದು?"

"ನಿನ್ನ ಒಲಿ ಕಿತ್ತೊಗದ್ರ ದರವಾಜಿ ಛಂದ ಕಾಣತದಂತ. ನಿನ್ನ ಮೊಮ್ಮಗಳು ಬರಕೊಟ್ಟಾಳ."

"ಅಪ್ಪಾ, ನಾ ಕಾಲೇಜಿಗೆ ಬರದಿದ್ದು. ಮಾರ್ಕ್ಸ್ ಸಲುವಾಗಿ..."

"ಗೊತ್ತದ ಬಿಡು."

ಭಗವಂತ ನಕ್ಷೆಯನ್ನು ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದ. ಅವನಿಗೆ ಓದು ಬರುತ್ತಿರಲಿಲ್ಲ, ಆದರೆ ಅಗಸಿಯ ಗುರುತು ಹತ್ತಿತು.

"ನಾ ಕಟ್ಟಿದ ಗ್ವಾಡಿ ಇದೇ ಏನ? ಕೆಂಪಂದು?"

"ಹೌದು ಮುತ್ಯಾ. ಆಮ್ಯಾಲೆ ಬಂದಿದ್ದಕ್ಕ ಕೆಂಪು ಬರೀರಿ ಅಂತ ಮೇಡಂ ಹೇಳಿದ್ರು."

ಅವನು ನಕ್ಷೆ ಮಡಚಿಟ್ಟ. ತಾಟಿನಲ್ಲಿ ಅರ್ಧ ರೊಟ್ಟಿ ಬಿಟ್ಟು ಎದ್ದ. ದೇಶಮುಖರ ಜೀಪು ಬರುವುದು ನಿಂತ ಮೇಲೆ ಅವನು ರೊಟ್ಟಿ ಬಿಟ್ಟು ಎದ್ದದ್ದನ್ನು ಲಾಲಮ್ಮ ನೋಡಿರಲಿಲ್ಲ.

ಮರುದಿನ ಲುಂಬಿನಿ ಕಾಲೇಜಿಗೆ ಹೋಗದೆ ನೇರ ದೇವೀಂದ್ರಪ್ಪನವರ ಕಚೇರಿಗೆ ಹೋದಳು. ಅವರು ಅವಳನ್ನು ಕೂಡ್ರಿಸಿ ನೀರು ತರಿಸಿದರು.

"ಸರ್, ನನ್ನ ನಕ್ಷೆ ವಾಪಸ್ ಕೊಡ್ರಿ."

"ಯಾಕಮ್ಮ? ಫೈಲಿನಾಗ ಎಲ್ಲಕ್ಕಿಂತ ಛಲೋ ಇರೋದೇ ಅದು."

"ಅದ್ರಾಗ ನಾ ತಪ್ಪು ಬರದೀನಿ."

"ಅಳತಿ ತಪ್ಪದಾ?"

ಅಳತೆ ತಪ್ಪಿರಲಿಲ್ಲ. ಅರ್ಧ ಇಂಚಿನಷ್ಟೂ ತಪ್ಪಿರಲಿಲ್ಲ. ದೇವೀಂದ್ರಪ್ಪ ನಿಟ್ಟುಸಿರು ಬಿಟ್ಟು, "ನೋಡವಾ, ಒಲಿ ಹೊಗಿಗೆ ಗಚ್ಚು ಉದುರಲಿಕತ್ತದ. ಸುತ್ತಲಿನ ಖಣಿಗೋಳಾಗ ಮದ್ದು ಹೊಡದಾಗೆಲ್ಲ ಮ್ಯಾಲಿನ ಫರಸಿ ಅಲುಗತಾವ. ನಾಳೆ ನಿಮ್ಮ ಮ್ಯಾಲೇ ಬಿದ್ರ? ನಿಮ್ಮ ಮುತ್ಯಾಗ ಏನಾರ ಒಂದು ಕೆಲಸ ನೋಡ್ತೀನಿ. ಕಾವಲುಗಾರ ಅಂತ" ಎಂದರು.

ಆ ಮಾತನ್ನು ಅವಳು ಮನೆಗೆ ತಂದಳು. ಒಳ್ಳೆಯ ಸುದ್ದಿ ಎಂದುಕೊಂಡೇ ತಂದಳು. ಸುರೇಶಕುಮಾರ ಕೈಯಲ್ಲಿದ್ದ ಚಹಾದ ಬಟ್ಟಲನ್ನು ನೆಲಕ್ಕೆ ಕುಕ್ಕಿ ಅಪ್ಪನ ಕಡೆ ತಿರುಗಿದ.

"ಮತ್ತ ಕಾಯಬೇಕಾ? ನಿನ್ನ ಅಪ್ಪ ಕಾದ, ನೀ ಕಾದಿ. ಈಗ ಸರಕಾರದ ಅಂಗಿ ಹಾಕ್ಕೊಂಡು ಮತ್ತ ಅದೇ ದರವಾಜಿ ಮುಂದ ನಿಂದ್ರತಿಯಾ?"

"ನಿಂದ್ರತೀನಿ" ಎಂದ ಭಗವಂತ. "ನಿಂಗೇನ ತ್ರಾಸು?"

"ನಂಗ ನಾಚಿಕಿ."

"ನಿಂಗ ನಾಚಿಕಿ ಇದ್ದಿದ್ದು ಈ ಅಗಸಿದಲ್ಲ, ನಂದು. ಜೀಪ್ ಬಂದಾಗ ಗ್ವಾಡಿಗೆ ಅಂಟಿ ನಿಂತವ ನಾನು, ಈ ಕಲ್ಲಲ್ಲ. ಕಲ್ಲ ಏನ್ ಮಾಡಿತ್ತು? ಬಿಸಲಾಗ ನೆರಳ ಕೊಟ್ಟದ. ನೀ ಹುಟ್ಟಿದ್ದು ಇಲ್ಲೇ."

"ಅದಕ್ಕ ಸಾಯೋದೂ ಇಲ್ಲೇ ಆಗಬೇಕಾ? ನನ್ನ ಹೆಂಡತಿ ಇಪ್ಪತ್ತೆರಡ ವರ್ಷದಿಂದ ತಗಡಿನ ಮರಿಯಾಗ ಸ್ನಾನ ಮಾಡಾಕತ್ತಾಳ. ಕೇಳಿ ನೋಡು ಆಕಿನ್ನ."

ಎಲ್ಲರೂ ಸುಮಂಗಲಾಳ ಕಡೆ ನೋಡಿದರು. ಅವಳು ಶಾಲೆಯಿಂದ ತಂದ ಪಾತ್ರೆ ಒರೆಸುತ್ತಿದ್ದಳು.

"ನನ್ನ ಯಾಕ ನಡುವ ತರ್ತೀರಿ?" ಎಂದಳು. ಪಾತ್ರೆ ಕೆಳಗಿಟ್ಟು, "ಬಾಗಿಲಿರೋ ಬಚ್ಚಲ ಬೇಕು ಅನ್ನಸತದ ಮಾವ. ಸುಳ್ಳ್ಯಾಕ ಹೇಳಲಿ" ಎಂದು ಹಿತ್ತಲಿಗೆ ಹೋದಳು.

ಏಪ್ರಿಲ್ ಕೊನೆಯಲ್ಲಿ ಗೊತ್ತಾಯಿತು, ಸುರೇಶಕುಮಾರ ಪಂಚಾಯಿತಿಗೆ ಹೋಗಿ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಹದಿನೈದು ದಿನವಾಗಿತ್ತು. ಕಾಲೊನಿಯ ಮನೆ ಬೇರೆಯವರ ಪಾಲಾಗುತ್ತದೆಂದು ಪೀರಪ್ಪ ಹೆದರಿಸಿದ್ದ. ಅಪ್ಪನಿಗೆ ಹೇಳಿದರೆ ಒಪ್ಪುವುದಿಲ್ಲವೆಂದು ಇವನು ಹೇಳಿರಲಿಲ್ಲ. ಕಾವಲುಗಾರನ ಕೆಲಸವೂ ಆಗಲಿಲ್ಲ. ಅರವತ್ತು ದಾಟಿದವರನ್ನು ತೆಗೆದುಕೊಳ್ಳುವ ಹಾಗಿಲ್ಲವಂತೆ. ಆ ಜಾಗಕ್ಕೆ ವಾಡಿಯ ಹುಡುಗ ಕಲೀಮ್ ಬಂದ.

ಸಹಿಯ ಸುದ್ದಿ ಕೇಳಿದಾಗ ಭಗವಂತ ಬೈಯಲಿಲ್ಲ. "ಒಂದ ಮಾತು ಕೇಳಿದ್ರ ಆಗತಿತ್ತು" ಎಂದಷ್ಟೇ ಹೇಳಿದ.

"ಕೇಳಿದ್ರ ಹ್ಞೂಂ ಅಂತಿದ್ದೇನು?"

"ಇಲ್ಲ. ಆದ್ರ ಕೇಳಿದಿ ಅಂತ ಆಗತಿತ್ತು."

ಮೇ ತಿಂಗಳ ಬಿಸಿಲಲ್ಲಿ ಸಾಮಾನು ಸಾಗಿಸಿದರು. ಎರಡು ಟ್ರಿಪ್ಪಿಗೆ ಎಲ್ಲ ಮುಗಿಯಿತು. ಗೂಡಿನಲ್ಲಿದ್ದ ಬುದ್ಧನ ಮತ್ತು ಬಾಬಾಸಾಹೇಬರ ಫೋಟೋಗಳನ್ನು ಲಾಲಮ್ಮ ಸೆರಗಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಟಂಟಂ ಆಟೋದಲ್ಲಿ ಕೂತಳು. ಒಲೆಯನ್ನು ತರಲು ಬರುವುದಿಲ್ಲ, ಅದು ಮಣ್ಣಿನದು. ಹೊರಡುವ ಮುಂದೆ ಅವಳು ಅದನ್ನು ಸಾರಿಸಿದ್ದಳು. "ಹೊಡದು ಹಾಕೋದಕ್ಕ ಯಾಕ ಸಾರಸ್ತಿ ಅತ್ತಿ?" ಎಂದು ಸುಮಂಗಲಾ ಕೇಳಿದಾಗ, "ನಾಕ ಮಂದಿ ಬಂದು ನೋಡೋರು. ಹೊಲಸ ಬಿಟ್ಟು ಹೋದ್ರು ಅನಬಾರದು" ಎಂದಿದ್ದಳು.

ನಾಲ್ಕು ದಿನ ಬಿಟ್ಟು ಗೋಡೆ ಒಡೆಯುವ ಕೆಲಸ ಶುರುವಾಯಿತು. ಗಚ್ಚಿನ ಕೆಲಸ ಬಲ್ಲ ಮುನಾಫ ಎಂಬ ಗೌಂಡಿಯನ್ನು ಬೀದರಿನಿಂದ ಕರೆಸಿದ್ದರು. ಉಳಿದ ಒಂದು ಕೊಡ ತರುವ ನೆವದಲ್ಲಿ ಲಾಲಮ್ಮ ಹೋದಳು. ಲುಂಬಿನಿಯೂ ಜೊತೆಗೆ ಹೋದಳು. ಭಗವಂತ ಬರಲಿಲ್ಲ.

ಅರ್ಧ ಗೋಡೆ ಆಗಲೇ ಬಿದ್ದಿತ್ತು. ಮುನಾಫ ಕಮಾನಿನ ಕಾಲುಗಂಬಕ್ಕೆ ಮೆತ್ತಿದ್ದ ಮಣ್ಣನ್ನು ಸಣ್ಣ ಬ್ರಶ್ಶಿನಿಂದ ಬಿಡಿಸುತ್ತಿದ್ದ. ಅದರಡಿಯಿಂದ ಕಲ್ಲಿನಲ್ಲಿ ಕೆತ್ತಿದ ಬಳ್ಳಿ ಹೊರಬರುತ್ತಿತ್ತು. ಬಳ್ಳಿಯಲ್ಲಿ ಹೂವು, ಹೂವಿನ ನಡುವೆ ಗಿಣಿ. ಒಂದೊಂದು ಗಿಣಿಯ ಕುತ್ತಿಗೆ ಒಂದೊಂದು ಕಡೆ ತಿರುಗಿತ್ತು. ಐವತ್ತು ವರ್ಷ ಮಣ್ಣಿನೊಳಗಿದ್ದುದರಿಂದ ಒಂದರ ಕೊಕ್ಕೂ ಸವೆದಿರಲಿಲ್ಲ.

"ಅಮ್ಮಾ, ಈ ಗ್ವಾಡಿ ಕಟ್ಟಿದವ್ರು ಭಾಳ ಹುಷಾರ್ ಮನಷ್ಯಾ" ಎಂದ ಮುನಾಫ. "ಕೆತ್ತನಿಗೆ ಮೊದಲ ಗೋಣಿಚೀಲ ಹೊಚ್ಚಿ, ಆಮ್ಯಾಲೆ ಮಣ್ಣ ಬಡದಾರ. ಎಲ್ಲೂ ಉಳಿ ತಾಗಿಸಿಲ್ಲ. ನೋಡ್ರಿ, ಚೀಲದ ದಾರ ಇನ್ನೂ ಅದ."

ಲಾಲಮ್ಮ ಹತ್ತಿರ ಹೋಗಿ ಒಂದು ಗಿಣಿಯ ಮೇಲೆ ಕೈಯಾಡಿಸಿದಳು.

"ಇಷ್ಟು ಛಂದ ಇತ್ತೇನ ಇದು?" ಎಂದಳು. "ನಾ ಬಂದಾಗ ಹೊಸದಾಗಿ ಮದಿವಿ, ತಲಿ ಎತ್ತಿ ನೋಡೇ ಇರಲಿಲ್ಲ. ಇದರ ಮ್ಯಾಲ ಐವತ್ತ ವರ್ಷ ಹೊಗಿ ಹಾಕೀನಿ."

ಲುಂಬಿನಿಗೆ ಅಳು ತಡೆಯಲಾಗಲಿಲ್ಲ. ಮನೆ ಹೋದ ದುಃಖದ ಜೊತೆಗೆ, ಕಮಾನು ನಿಜಕ್ಕೂ ಚೆಂದ ಕಾಣುತ್ತಿದೆ ಎಂಬುದೂ ಅವಳನ್ನು ಕುಟುಕುತ್ತಿತ್ತು. ತಾನು ಬರೆದದ್ದು ಸುಳ್ಳಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಅಳಬ್ಯಾಡ, ನಡಿ" ಎಂದು ಲಾಲಮ್ಮ ಕೊಡ ಎತ್ತಿಕೊಂಡಳು. "ಈ ಗಿಣಿ ಸುದ್ದಿ ಮುತ್ಯಾನ ಮುಂದ ಹೇಳಬ್ಯಾಡ. ಗ್ವಾಡಿ ಬಿದ್ದದ್ದು ನೆನಸಿ ನೊಂದಾನು."

ಕಾಲೊನಿಯಲ್ಲಿ ಒಂದೇ ಅಚ್ಚಿನ ನಲವತ್ತು ಮನೆಗಳು. ಎರಡು ಖೋಲಿ, ಬಚ್ಚಲು, ನಳ. ಸುಮಂಗಲಾ ಮೊದಲ ದಿನ ಬಚ್ಚಲಿನ ಚಿಲಕ ಹಾಕಿಕೊಂಡು ಬಹಳ ಹೊತ್ತು ಸ್ನಾನ ಮಾಡಿದಳು. ಹೊರಗೆ ಬಂದು ಅತ್ತೆಯ ಮುಖ ನೋಡಿ, ತಪ್ಪು ಮಾಡಿದವಳ ಹಾಗೆ ಬೇಗ ಬೇಗ ತಲೆ ಒರೆಸಿಕೊಂಡಳು. ಲಾಲಮ್ಮ ಗ್ಯಾಸಿನ ಮೇಲೆ ರೊಟ್ಟಿ ಬಡಿದಳು. ಮೊದಲ ವಾರ ಎಲ್ಲವೂ ಅಂಚು ಸುಟ್ಟವು, ಆಮೇಲೆ ಉರಿಯ ಅಂದಾಜು ಸಿಕ್ಕಿತು.

ಭಗವಂತನಿಗೆ ಮಾತ್ರ ಮನೆ ಗೊತ್ತಾಗುತ್ತಿರಲಿಲ್ಲ. ಅಂಗಡಿಗೆ ಹೋದವನು ತಿರುಗಿ ಬರುವಾಗ ಬೇರೆಯವರ ಬಾಗಿಲ ಮುಂದೆ ನಿಲ್ಲುತ್ತಿದ್ದ. ಎರಡು ಸಲ ಪಕ್ಕದ ಓಣಿಯ ಚಾಂದ್ ಕೈ ಹಿಡಿದು ಕರೆತಂದು ಬಿಟ್ಟ. ಮೂರನೆಯ ಸಲ ಚಾಂದ್ ಕರೆತಂದಾಗ ಸುರೇಶಕುಮಾರ ಮನೆಯಲ್ಲೇ ಇದ್ದ. ಅಪ್ಪ ಹೊಸಿಲ ಹೊರಗೆ ನಿಂತು, "ಇದೇ ಏನ ನಮ್ಮದು?" ಎಂದು ಕೇಳಿದ್ದನ್ನು ಅವನು ಕೇಳಿಸಿಕೊಂಡ.

ಅಂದಿನಿಂದ ಸುರೇಶಕುಮಾರ ಮೆತ್ತಗಾದ. ರವಿವಾರ ಪೇಟೆಯಿಂದ ಹಸಿರು ಬಣ್ಣ ತಂದು ಬಾಗಿಲಿಗೆ ಹಚ್ಚಿದ. "ಈ ಹಸರ ಬಾಗಲ ನಮ್ಮದು, ಯಪ್ಪಾ. ನೆನಪ ಇಟಗೊ." ಭಗವಂತ ಹ್ಞೂಂ ಎಂದ.

ಆಗಸ್ಟಿನಲ್ಲಿ ಅಗಸಿಯ ಕೆಲಸ ಮುಗಿದು ಉದ್ಘಾಟನೆಯಾಯಿತು. ಸುರೇಶಕುಮಾರ ಯಾರದೋ ಮೋಟರ್ ಸೈಕಲ್ ತಂದು, "ಬಾ ಅಪ್ಪ, ನೋಡಿ ಬರೋಣು. ಲೈಟ್ ಹಾಕ್ಯಾರಂತ" ಎಂದ.

"ನೀ ನೋಡಿ ಬಾ."

"ನಾ ಒಬ್ಬನೇ ಹೋಗಿ ಏನ್ ನೋಡಲಿ?"

"ನಾನೂ ಅದೇ ಅನ್ನಾಕತ್ತೀನಿ, ನಾ ಬಂದು ಏನ್ ನೋಡಲಿ?" ಎಂದ ಭಗವಂತ.

ಸುರೇಶಕುಮಾರ ಮೋಟರ್ ಸೈಕಲ್ ವಾಪಸು ಕೊಟ್ಟು ಬಂದು ಹೆಂಡತಿಯ ಹತ್ತಿರ, "ನಾ ಅವಸರ ಮಾಡಿದೆ ಅನಸತದ" ಎಂದ. ಅವಳು, "ನಾನೂ ಬ್ಯಾಡ ಅನ್ನಲಿಲ್ಲಲ್ರಿ" ಎಂದಳು.

ಡಿಪ್ಲೊಮಾ ಮುಗಿದ ಮೇಲೆ ಲುಂಬಿನಿಗೆ ದೇವೀಂದ್ರಪ್ಪನವರೇ ಆರು ತಿಂಗಳ ಕೆಲಸ ಕೊಡಿಸಿದರು. ಹಳೇ ಕಟ್ಟಡಗಳ ಅಳತೆ ತೆಗೆಯುವ ಕೆಲಸ. ಅವಳು ಒಪ್ಪಿದ್ದಕ್ಕೆ ಸುರೇಶಕುಮಾರ ಎರಡು ದಿನ ಮಾತಾಡಲಿಲ್ಲ, ಆಮೇಲೆ ತಾನೇ ಬಸ್ಸಿನ ತನಕ ಬಿಟ್ಟು ಬಂದ.

ಸೆಪ್ಟೆಂಬರದಲ್ಲಿ ಅವಳನ್ನು ಚಿಂಚೋಳಿಯ ಆಚೆ, ಕುಂಚಾವರಂ ಕಾಡಿನ ಕಡೆಗೆ ಕಳಿಸಿದರು. ಅಲ್ಲೊಂದು ಹಳೇ ಶಿಕಾರಿ ಬಂಗಲೆಯಿತ್ತಂತೆ. ಉಳಿದದ್ದು ಅದರ ಬಾಗಿಲಿನ ಕಾವಲು ಮನೆಯಷ್ಟೆ. ಎರಡು ಕಮಾನು, ಮೇಲೆ ಹುಲ್ಲು ಬೆಳೆದ ಗುಮ್ಮಟ. ಒಂದು ಕಮಾನಿಗೆ ಬಿದಿರ ತಟ್ಟಿ ಕಟ್ಟಿ ವಿಮಲಾಬಾಯಿ ಎಂಬ ಮುದುಕಿ ವಾಸವಾಗಿದ್ದಳು. ಹೊರಗೆ ಎರಡು ಆಡು, ಒಂದು ಕುಂಬಳ ಬಳ್ಳಿ.

ಲುಂಬಿನಿ ನಮಸ್ಕಾರ ಮಾಡಿ ಟೇಪು ತೆಗೆದಳು. ಮುದುಕಿ ನೀರು ಕೊಟ್ಟು, ಅವಳ ಕೈಯಲ್ಲಿದ್ದ ಹಾಳೆ ನೋಡಿ ಕೇಳಿದಳು: "ಏಮಮ್ಮಾ, ಇದ್ ಬರ್ಕೊಂಡ್ ಹೋದ್ರ ನಂಗೇನ್ ಮಾಡ್ತಾರು?"

ಏನೂ ಮಾಡುವುದಿಲ್ಲ ಎನ್ನಲು ಬಾಯಿ ತೆರೆದ ಲುಂಬಿನಿ ಆ ಮಾತು ಆಡಲಾರದೆ ಹೋದಳು.

"ನಾ ನಮ್ಮನಿದು ಹಿಂಗೇ ಬರದಿದ್ದೆ ಆಯಿ. ನಮ್ಮನ್ನ ಬಿಡಸಿದ್ರು" ಎಂದಳು.

ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ನೀರಿನ ತಂಬಿಗೆ ವಾಪಸು ಇಸಕೊಂಡಳು. ತಟ್ಟಿಯ ಹಿಂದೆ ಹೋಗಿ ಅದನ್ನು ಎಳೆದುಕೊಂಡಳು. ಲುಂಬಿನಿ ಬಿಸಿಲಿನಲ್ಲಿ ಒಂದು ತಾಸು ನಿಂತು, ಖಾಲಿ ಹಾಳೆ ಹಿಡಿದು ಬಸ್ಸು ಹತ್ತಿದಳು.

ಮನೆಗೆ ಬಂದಾಗ ಎಲ್ಲರೂ ಊಟಕ್ಕೆ ಕೂತಿದ್ದರು. ಪುಂಡಿ ಪಲ್ಯ, ರೊಟ್ಟಿ. ಅವಳು ತಾಟಿನ ಮುಂದೆ ಕೂತು ನಡೆದದ್ದನ್ನು ಹೇಳಿದಳು. ಕೆಲಸ ಬಿಡುತ್ತೇನೆ ಎಂದೂ ಹೇಳಿದಳು.

"ಛಲೋ ಮಾಡಿದಿ" ಎಂದ ಸುರೇಶಕುಮಾರ.

"ಏನ್ ಛಲೋ?" ಭಗವಂತ ತಲೆ ಎತ್ತಿದ. ಎಷ್ಟೋ ದಿನದ ಮೇಲೆ ಅವನ ದನಿ ಏರಿತ್ತು. "ಅಳೀದೇ ಬಂದಿಯಾ? ಇನ್ನೊಬ್ಬ ಬರತಾನ, ಅಳಕೊಂಡು ಹೋಗತಾನ. ಅಂವಗ ಆ ಮುದುಕಿ ಕಾಣತಾಳಾ? ಕಮಾನಿಗೆ ತಟ್ಟಿ ಅದ, ತಗೀರಿ ಅಂತ ಬರಿತಾನ. ನೀ ಹೋಗು. ಆ ತಟ್ಟಿ ಯಾರು ಕಟ್ಟಿದ್ರು, ಯಾವಾಗ ಕಟ್ಟಿದ್ರು, ಯಾಕ ಕಟ್ಟಿದ್ರು, ಮೊದಲ ಅದನ್ನ ಕೇಳಿ ಬರಿ."

"ಬರದ್ರ ಬಿಡ್ತಾರೇನ್ ಮುತ್ಯಾ? ಬರದ್ರೂ ಎಬ್ಬಸ್ತಾರ."

"ಎಬ್ಬಸಲಿ. ಆದ್ರ ಇದ್ಲು ಅಂತ ಕಾಗದದಾಗ ಉಳೀತದ." ಅವನು ರೊಟ್ಟಿ ಮುರಿದ. "ನಮ್ಮದ್ರಾಗ ನೀ ಅಲ್ಲಿ ಇದ್ದವರ ಹೆಸರೇ ಬರೀಲಿಲ್ಲ."

ಲಾಲಮ್ಮ ಎಲ್ಲರ ತಾಟಿಗೂ ಪಲ್ಯ ಹಾಕಿದಳು. ಭಗವಂತ ಹೇಳಿದ್ದು ನಿಜವಾಗಿತ್ತು. ಗೋಡೆಯ ದಪ್ಪ, ಕಿಂಡಿಯ ಓರೆ, ಫರಸಿಯ ಉದ್ದ ಎಲ್ಲ ಬರೆದಿದ್ದ ಲುಂಬಿನಿ ಟೇಪಿನ ಇನ್ನೊಂದು ತುದಿ ಹಿಡಿದವನ ಹೆಸರು ಬರೆದಿರಲಿಲ್ಲ. ಅವನ ಹಿಂದಿನವನ ಹೆಸರು ಅವಳಿಗೆ ಗೊತ್ತೇ ಇರಲಿಲ್ಲ.

"ಮುತ್ಯಾ, ನಿಮ್ಮಪ್ಪನ ಹೆಸರೇನು?" ಎಂದು ಮೆಲ್ಲಗೆ ಕೇಳಿದಳು.

ಭಗವಂತ ತುತ್ತು ನುಂಗಿ, ನೀರು ಕುಡಿದ.

"ಅಮೃತಪ್ಪ" ಎಂದ. "ಈಗ ಕೇಳಿ ಏನ್ ಮಾಡ್ತಿ?"

ಉತ್ತರಕ್ಕೆ ಕಾಯದೆ ಅವನು ಕೈ ತೊಳೆದುಕೊಳ್ಳಲು ಎದ್ದು, ನಳ ಎಲ್ಲಿದೆ ಎಂದು ಕತ್ತಲೆ ಕಟ್ಟಿದ ಮೂಲೆಯಲ್ಲಿ ತಡಕಾಡಿದ. ಸುರೇಶಕುಮಾರ ಊಟ ಬಿಟ್ಟು ಎದ್ದು ಹೋಗಿ ಅಪ್ಪನ ಕೈ ಹಿಡಿದು ನಳದ ಕೆಳಗೆ ಇಟ್ಟ.